ಆರಬಾರದ ಒಲೆ

ಹುಬ್ಬಳ್ಳಿಯ ಬೀದಿಗಳಿಂದ ಕರೆಂಟಿನ ಕಂಬಗಳು ಮಾಯವಾಗಿ ಕೆಲವು ವರ್ಷಗಳಾಗಿದ್ದವು. ಈಗ ಪ್ರತಿ ಮನೆಯ ಹಿತ್ತಲ ಪಡಸಾಲೆಯಲ್ಲೂ ಮೊಳಕಾಲೆತ್ತರದ ಒಂದು ಬೂದು ಪೆಟ್ಟಿಗೆ ಕೂತಿತ್ತು. ಕಂಪನಿಯವರು ಅದಕ್ಕೆ ಏನೋ ಇಂಗ್ಲಿಷ್ ಹೆಸರಿಟ್ಟಿದ್ದರು. ಜನ ಅದನ್ನು ಬಿಟ್ಟು ‘ಮೂಕೊಲಿ’, ಅಂದರೆ ಮೂಕ ಒಲೆ, ಎಂದು ಕರೆದರು. ಹೊಗೆಯಿಲ್ಲ, ಕಣ್ಣಿಗೆ ಕಾಣುವ ಉರಿಯಿಲ್ಲ, ಸದ್ದಂತೂ ಇಲ್ಲವೇ ಇಲ್ಲ. ಕೊಳವೆಯಲ್ಲಿ ಬರುವ ಗೊಬ್ಬರ ಗ್ಯಾಸನ್ನು ಕುಡಿದು, ಒಳಗೊಳಗೇ ಕೆಂಡದಷ್ಟು ಕಾದು, ಮನೆಗೆ ಬೇಕಾದ ಕರೆಂಟನ್ನು ಅದು ಕೊಡುತ್ತಿತ್ತು. ಅದರ ಮೈಬಿಸಿಗೇ ಸ್ನಾನದ ನೀರೂ ಕಾಯುತ್ತಿತ್ತು.

ಆ ಒಲೆಯ ಜೀವವೆಲ್ಲ ಇದ್ದದ್ದು ಒಂದು ಪದರದಲ್ಲಿ. ಆ ಪದರವನ್ನು ಮಾಡಿದವಳು ಮಂದಾಕಿನಿ ಎಲಿಗಾರ. ಗೋಕುಲ ರಸ್ತೆಯಾಚೆಯ ಕಾರ್ಖಾನೆಯಲ್ಲಿ ಪಿಂಗಾಣಿ ವಿಭಾಗದ ಮುಖ್ಯಸ್ಥೆ.

ಜಿರ್ಕೋನಿಯಾ ಎಂಬ ಬಿಳಿಯ ಪುಡಿಯನ್ನು ಹಾಲಿನ ಹದಕ್ಕೆ ಕಲಸಿ, ಸಣ್ಣ ರಂಧ್ರಗಳಿರುವ ಬಿಲ್ಲೆಯ ಮೇಲೆ ಸವರಿ, ಒಣಗಿಸಿ, ಭಟ್ಟಿಯಲ್ಲಿ ಸುಟ್ಟರೆ ಆ ಪದರವಾಗುತ್ತಿತ್ತು. ಅದರ ಒಂದು ಪಕ್ಕದಲ್ಲಿ ಗಾಳಿ, ಇನ್ನೊಂದು ಪಕ್ಕದಲ್ಲಿ ಗ್ಯಾಸು. ಚೆನ್ನಾಗಿ ಕಾದಾಗ ಗಾಳಿಯ ಆಮ್ಲಜನಕ ಅಣು ಅಣುವಾಗಿ ಪದರದೊಳಗೆ ನುಸುಳಿ ಆಚೆಯ ಗ್ಯಾಸನ್ನು ಸೇರುತ್ತದೆ. ಆ ಕೂಡುವಿಕೆಯಿಂದ ಕರೆಂಟು ಹುಟ್ಟುತ್ತದೆ. ಆದರೆ ಗ್ಯಾಸು ಮಾತ್ರ ಈಚೆಗೆ ಬರಕೂಡದು. ಪದರ ದಪ್ಪವಾದರೆ ಆಮ್ಲಜನಕ ದಾಟಲು ಒದ್ದಾಡುತ್ತದೆ, ಒಲೆಯನ್ನು ಇನ್ನಷ್ಟು ಕಾಯಿಸಬೇಕಾಗುತ್ತದೆ. ಬೇರೆ ಕಂಪನಿಗಳವರ ಪದರ ಕಾಗದದ ತೆಳುವಿಗೆ ಬಂದು ನಿಂತಿತ್ತು. ಮಂದಾಕಿನಿ ಅದನ್ನು ತಲೆಗೂದಲೊಂದನ್ನು ನೂರಾಗಿ ಸೀಳಿದರೆ ಒಂದು ಸೀಳು ಎಷ್ಟಿದ್ದೀತೋ ಅಷ್ಟಕ್ಕೆ ಇಳಿಸಿದ್ದಳು. ಅಲ್ಲಿಂದ ಮುಂದೆ ಮೂಕೊಲೆ ಅಗ್ಗವಾಯಿತು, ಸಣ್ಣದಾಯಿತು, ಮನೆಮನೆಗೂ ಬಂತು.

“ನಮ್ಮ ಸೊಸಿಗೆ ಮಂಡಿಗಿ ಲಟ್ಟಸಾಕ ಬರೂದಿಲ್ಲ. ಕಲ್ಲಿನ ಮಂಡಿಗಿ ಮಾಡಂದ್ರ ಊರಿಗೆಲ್ಲಾ ಮಾಡಿ ಹಾಕ್ತಾಳ,” ಎಂದು ಅತ್ತೆ ಶಿವಗಂಗವ್ವ ಬಂದವರ ಮುಂದೆ ನಗುತ್ತಿದ್ದರು. ನಗು ಮುಗಿಯುವಷ್ಟರಲ್ಲಿ ಅವರಿಗೆ ಏದುಸಿರು ಬರುತ್ತಿತ್ತು. ಹರೆಯವನ್ನೆಲ್ಲ ಹತ್ತಿ ಜಿನ್ನಿಂಗಿನಲ್ಲಿ ದುಡಿದವರು. ಆ ಅರಳೆಯ ಧೂಳು ಎದೆಯಲ್ಲಿ ಕೂತುಬಿಟ್ಟಿತ್ತು. ಈಗ ಮೂಗಿಗೆ ನಳಿಗೆ ಸಿಕ್ಕಿಸಿಕೊಂಡು ಆಕ್ಸಿಜನ್ ಮಶೀನಿನ ಪಕ್ಕದಲ್ಲೇ ಅವರ ದಿನ ಕಳೆಯುತ್ತಿತ್ತು. ಆ ಮಶೀನು ನಡೆಯುತ್ತಿದ್ದದ್ದೂ ಮೂಕೊಲೆಯಿಂದಲೇ.

ಆ ಚಳಿಗಾಲದಲ್ಲಿ ಉಣಕಲ್ಲಿನ ಒಂದು ಮನೆಯಲ್ಲಿ ಸಾವಾಯಿತು.

ರಿಟೈರಾದ ಪೋಸ್ಟ್‌ಮಾಸ್ತರ ಹೊಸಮನಿ ಮತ್ತು ಅವರ ಹೆಂಡತಿ ಕಸ್ತೂರಿಬಾಯಿ ಮಗಳ ಬಾಣಂತನಕ್ಕೆಂದು ಸೊಲ್ಲಾಪುರಕ್ಕೆ ಹೋಗಿದ್ದರು. ಹೋಗುವಾಗ ಒಲೆ ಆರಿಸಿದ್ದರು. ವಾಪಸು ಬಂದವರು ಒಲೆ ಹಚ್ಚಿ, ಪ್ರಯಾಣದ ದಣಿವಿಗೆ ಅಡ್ಡಾದರು. ಮಧ್ಯಾಹ್ನ ಹಾಲು ಕೊಡಲು ಬಂದ ಪಕ್ಕದ ಮನೆಯವಳು ಎಷ್ಟು ಬಡಿದರೂ ಬಾಗಿಲು ತೆರೆಯಲಿಲ್ಲ. ಒಡೆದು ನೋಡಿದರೆ ಹೊಸಮನಿಯವರು ಮಲಗಿದಲ್ಲೇ ತೀರಿಹೋಗಿದ್ದರು. ಮುಖ ಮಾತ್ರ ಬದುಕಿರುವವರ ಮುಖಕ್ಕಿಂತ ಕೆಂಪಗಿತ್ತು. ಕಸ್ತೂರಿಬಾಯಿಯ ಉಸಿರು ಇನ್ನೂ ಆಡುತ್ತಿತ್ತು.

ಆ ಮನೆಯ ಒಲೆಯನ್ನು ಲ್ಯಾಬಿಗೆ ತಂದರು. ಅದನ್ನು ಬಿಚ್ಚಿ ಸೂಕ್ಷ್ಮದರ್ಶಕದ ಕೆಳಗಿಟ್ಟವನು ಇಮ್ತಿಯಾಜ್. ಮಂದಾಕಿನಿಯ ಜೊತೆ ಮೊದಲಿನಿಂದಲೂ ಇದ್ದ ಸಹೋದ್ಯೋಗಿ, ಮಾತಿಗೊಂದು ಜೋಕು ಹೊಡೆಯುವ ಮನುಷ್ಯ. ಅವತ್ತು ಅವನು ಜೋಕು ಹೊಡೆಯಲಿಲ್ಲ.

“ಮೇಡಂ, ಇಲ್ಲಿ ಬರ್ರಿ,” ಎಂದ. “ನೀವ ನೋಡ್ರಿ. ನಾ ಹೇಳೂದಿಲ್ಲ.”

ಪರದೆಯ ಮೇಲೆ ಅವಳ ಪದರವಿತ್ತು. ಅದು ಬತ್ತಿದ ಕೆರೆಯ ತಳದಂತೆ ಬಿರಿದಿತ್ತು. ಒಂದು ಬಿರುಕಿನಿಂದ ಇನ್ನೊಂದು, ಅದರಿಂದ ಮತ್ತೊಂದು, ಕಣ್ಣು ಹಾಯಿಸಿದಷ್ಟೂ ದೂರ.

“ಸುಡೂವಾಗ ಆಗಿದ್ದಲ್ಲಲ್ಲಾ ಇದು?” ಎಂದು ಕೇಳಿದಳು. ಅಲ್ಲವೆಂದು ಅವಳಿಗೆ ಗೊತ್ತಿತ್ತು.

“ಅಲ್ರಿ. ಕಾರ್ಖಾನಿಯಿಂದ ಹೋಗೂವಾಗ ಕನ್ನಡಿಯಂಗ ಇತ್ತು. ಆ ದಿನದ ಫೋಟೋ ನನ್ನ ಹತ್ರನ ಅದಾವು.”

ಕಾರಣ ತಿಳಿಯಲು ಹೆಚ್ಚು ದಿನ ಹಿಡಿಯಲಿಲ್ಲ. ಕಂಪನಿಯವರು ಗ್ಯಾಸು ಉಳಿಸಲೆಂದು ಒಲೆಗಳಿಗೆ ಒಂದು ‘ಜೋಂಪಿನ’ ವ್ಯವಸ್ಥೆ ಮಾಡಿದ್ದರು. ಮನೆಯಲ್ಲಿ ಕರೆಂಟಿನ ಖರ್ಚು ಕಡಿಮೆಯಿದ್ದಾಗ ಒಲೆ ತಾನಾಗಿಯೇ ಅರೆಬಿಸಿಗೆ ಇಳಿದು ತೂಕಡಿಸುತ್ತಿತ್ತು. ಒಲೆಯ ಒಳಗೆ ಯಾವಾಗಲೂ ನೀರಾವಿ ಇದ್ದೇ ಇರುತ್ತದೆ. ಪೂರ್ತಿ ಕಾದ ಪದರಕ್ಕೆ ಆ ಆವಿಯಿಂದ ಏನೂ ಆಗುವುದಿಲ್ಲ. ಆದರೆ ಅರೆಬಿಸಿಯಲ್ಲಿ ನೀರಾವಿ ತಾಗಿದರೆ ಜಿರ್ಕೋನಿಯಾದ ಹರಳುಗಳು ಒಳಗಿಂದೊಳಗೇ ರೂಪ ಬದಲಿಸಿ ಉಬ್ಬತೊಡಗುತ್ತವೆ. ದಪ್ಪ ಪದರ ಅದನ್ನು ತಡೆದುಕೊಂಡೀತು. ಅವಳ ತೆಳು ಪದರದಲ್ಲಿ ಒಂದು ಹರಳು ಉಬ್ಬಿದರೆ ಪಕ್ಕದ್ದು ಸಿಡಿಯುತ್ತಿತ್ತು. ಒಲೆ ಮತ್ತೆ ಪೂರ್ತಿ ಕಾದಾಗ ಉಬ್ಬಿದ ಹರಳು ಇಳಿಯುತ್ತಿತ್ತು, ಬಿರುಕು ಕೂಡಿಕೊಳ್ಳುತ್ತಿತ್ತು. ಹೀಗೆ ದಿನಕ್ಕೊಂದು ಸಲ, ವರ್ಷಗಟ್ಟಲೆ. ಬಿಸಿಯಿರುವಷ್ಟು ಹೊತ್ತು ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ಪೂರ್ತಿ ಆರಿದ ದಿನ ಪದರದ ಉದ್ದಕ್ಕೂ ಬಿರುಕು ಬಾಯಿ ಬಿಡುತ್ತಿತ್ತು.

ಅಂಥ ಒಲೆಯನ್ನು ಮತ್ತೆ ಹಚ್ಚಿದರೆ? ಒಲೆಯೊಳಗೆ ಹೋದ ಗ್ಯಾಸು ಮೊದಲು ಒಡೆದು ಹೈಡ್ರೋಜನ್ನೂ ಕಾರ್ಬನ್ ಮೊನಾಕ್ಸೈಡೂ ಆಗುತ್ತದೆ. ಪೂರ್ತಿ ಕಾದ ಒಲೆಯಲ್ಲಿ ಬಿರುಕಿನಿಂದ ಸೋರಿದ್ದು ಅಲ್ಲೇ ಉರಿದುಹೋಗುತ್ತದೆ. ಇನ್ನೂ ಕಾಯುತ್ತಿರುವ ಒಲೆಯಲ್ಲಿ ಉರಿಯುವಷ್ಟು ಬಿಸಿ ಇರುವುದಿಲ್ಲ. ಬಣ್ಣವಿಲ್ಲದ, ವಾಸನೆಯಿಲ್ಲದ ಆ ವಿಷ ಸೀದಾ ಮನೆಯೊಳಗೆ ಬರುತ್ತದೆ. ಅದನ್ನು ಕಂಡು ಕೂಗಲೆಂದು ಒಲೆಗೊಂದು ಸೆನ್ಸರ್ ಇತ್ತು. ಒಲೆ ಹಚ್ಚುವ ಹೊತ್ತಿನಲ್ಲಿ ಅದು ಸುಮ್ಮಸುಮ್ಮನೆ ಕೂಗುತ್ತದೆ ಎಂದು ಗಿರಾಕಿಗಳು ದೂರಿದ್ದರಿಂದ ಅಷ್ಟು ಹೊತ್ತು ಅದನ್ನು ಕಿವುಡು ಮಾಡಿಟ್ಟಿದ್ದರು.

ಇಬ್ಬರೂ ಕಾರ್ಖಾನೆಯ ಕ್ಯಾಂಟೀನಿನಲ್ಲಿದ್ದ ಹಳೆಯ ಮೂಕೊಲೆಯನ್ನು ಲ್ಯಾಬಿಗೆ ತಂದು, ಬಿಸಿಯಿದ್ದಾಗಲೇ ಕಿವಿಗೊಟ್ಟು ಕೂತು ಆರಿಸಿದರು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ, ಅರೆಬಿಸಿಗೆ ಬರುತ್ತಿದ್ದಂತೆ, ಒಳಗಿನಿಂದ ಚಿಟ್ ಎಂದಿತು. ಸ್ವಲ್ಪ ಬಿಟ್ಟು ಮತ್ತೊಂದು. ಆಮೇಲೆ ಒಗ್ಗರಣೆಗೆ ಸಾಸಿವೆ ಬಿದ್ದಂತೆ ಚಿಟಚಿಟ ಚಿಟಚಿಟ.

ಇಮ್ತಿಯಾಜ್ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. “ಮೂಕೊಲಿ ಮಾತಾಡ್ತು ನೋಡ್ರಿ,” ಎಂದ. ಇಬ್ಬರಿಗೂ ನಗು ಬರಲಿಲ್ಲ.

ಅವತ್ತು ಮನೆಗೆ ಹೋದವಳೇ ಮಂದಾಕಿನಿ ಹಿತ್ತಲ ಪಡಸಾಲೆಗೆ ನಡೆದಳು. ಒಲೆಯ ಮೈಗೆ ಅಂಗೈ ಇಟ್ಟು ನೋಡಿದಳು. ಬೆಚ್ಚಗಿತ್ತು.

“ಏನ ಮಾಡಾಕತ್ತಿ ತಂಗಿ, ಒಲಿಗೆ ಜ್ವರ ಬಂದಾವೇನು?” ಎಂದು ಅತ್ತೆ ಒಳಗಿಂದ ಕೇಳಿದರು.

“ಏನಿಲ್ರಿ ಅತ್ತಿ.” ಎಲ್ಲ ದೀಪ ಹಚ್ಚಿದಳು, ಫ್ಯಾನು ತಿರುಗಿಸಿದಳು, ಇಸ್ತ್ರಿ ಪೆಟ್ಟಿಗೆಯನ್ನು ಸುಮ್ಮನೆ ಕಾಯಲು ಇಟ್ಟಳು. ಒಲೆಗೆ ಕೆಲಸ ಇದ್ದರೆ ಅದಕ್ಕೆ ಜೋಂಪು ಹತ್ತುವುದಿಲ್ಲ. ಗಂಡ ಪ್ರಭುಲಿಂಗ ಧಾರವಾಡದ ಕಾಲೇಜಿನಿಂದ ಬಂದವನು ಚಳಿಯಲ್ಲಿ ಫ್ಯಾನು ತಿರುಗುವುದನ್ನು ನೋಡಿ ಹೆಂಡತಿಯ ಮುಖ ನೋಡಿದ. ಅವಳು ಎಲ್ಲವನ್ನೂ ಹೇಳಿದಳು. ಅವನು ತಾಯಿಯ ಕೋಣೆಯ ಕಡೆ ತಿರುಗಿ, ಮಶೀನಿನ ಗುರುಗುರು ಸದ್ದನ್ನು ಕೇಳುತ್ತ ನಿಂತ.

“ಅವ್ವಗ ಹೇಳಬ್ಯಾಡ,” ಎಂದಷ್ಟೇ ಹೇಳಿದ.

ಮರುದಿನ ಅವಳು ಕಂಪನಿಯ ನಿರ್ದೇಶಕ ದೇಸಾಯಿಯವರ ಎದುರು ಕೂತಳು. ಅವರು ಕೆಟ್ಟ ಮನುಷ್ಯರಲ್ಲ. ಕೇಳಿ ಮುಗಿಯುವಷ್ಟರಲ್ಲಿ ಅವರ ಹಣೆಯ ಮೇಲೆ ಬೆವರು ಬಂದಿತ್ತು.

“ಒಂದು ಒಲಿ ಕೆಟ್ಟದ ಅಂತ ಊರಾಗಿನ ಎಲ್ಲಾ ಒಲಿ ಕೆಟ್ಟಾವ ಅನ್ಲಿಕ್ಕೆ ಬರ್ತದೇನು ಮಂದಾಕಿನಿ?”

“ಒಂದಲ್ರಿ ಸರ್. ಕ್ಯಾಂಟೀನಿಂದೂ ಹಂಗ ಆಗೇತಿ. ಗೋದಾಮಿಗೆ ವಾಪಸ್ ಬಂದಿದ್ದನ್ನೂ ಬಿಚ್ಚಿ ನೋಡೇವಿ. ಹಳೇವು ಒಂದೂ ನೆಟ್ಟಗಿಲ್ಲ.”

“ಜನಕ್ಕ ಹೇಳಿದ್ರ ಏನಾಗ್ತದ ವಿಚಾರ ಮಾಡೀರೇನು? ಹೆದರಿ ಎಲ್ಲಾರೂ ಒಲಿ ಆರಸ್ತಾರ. ನೀರಿಲ್ಲ, ಬೆಳಕಿಲ್ಲ. ಒಂದು ದಿನ ತಾಳ್ಯಾರು. ಆಮೇಲೆ ತಾಳಲಾರದ ಮತ್ತ ಹಚ್ತಾರ. ನೀವು ಹೇಳೋ ಸಾವು ಆವಾಗ ಬರ್ತದ.”

ಅದು ಅವಳಿಗೂ ಹೊಳೆದಿತ್ತು. ಅದಕ್ಕೇ ರಾತ್ರಿಯೆಲ್ಲ ಕಣ್ಣು ಮುಚ್ಚಿರಲಿಲ್ಲ. ಸದ್ಯಕ್ಕೆ ಜೋಂಪಿನ ವ್ಯವಸ್ಥೆಯನ್ನು ತೆಗೆದುಹಾಕುವುದು, ಎಲ್ಲ ಒಲೆಗಳನ್ನೂ ಪೂರ್ತಿ ಬಿಸಿಯಲ್ಲೇ ಇಡುವುದು, ಒಂದೊಂದೇ ಓಣಿಗೆ ಹೋಗಿ ಹಳೆಯದನ್ನು ತೆಗೆದು ದಪ್ಪ ಪದರದ ಒಲೆ ಕೂಡಿಸುವುದು ಎಂದು ಇಬ್ಬರೂ ಮಾತಾಡಿಕೊಂಡರು. ದೇಸಾಯಿ ಒಪ್ಪಿದರು. ಆರದಂತೆ ನೋಡಿಕೊಂಡರೆ ಸಾಕು, ಊರು ಉಳಿಯುತ್ತದೆ. ಮಂದಾಕಿನಿಗೆ ಒಂದು ಗುಟುಕು ಚಹಾ ಗಂಟಲಲ್ಲಿಳಿಯಿತು.

ಆ ಕಪ್ಪು ಕೆಳಗಿಡುವಷ್ಟರಲ್ಲಿ ಕೋಣೆಯ ದೀಪ ಮಂಕಾಯಿತು.

ಸವದತ್ತಿ ರಸ್ತೆಯನ್ನು ಅಗಲ ಮಾಡುತ್ತಿದ್ದ ಯಂತ್ರವೊಂದು ಊರಿಗೆ ಗ್ಯಾಸು ತರುವ ಮುಖ್ಯ ಕೊಳವೆಯನ್ನು ಸೀಳಿಹಾಕಿತ್ತು. ದೇಸಾಯಿಯವರ ಫೋನಿಗೆ ಸುದ್ದಿ ಬಂತು. ಅವರು ಕೇಳುತ್ತ ಕೇಳುತ್ತ ಎದ್ದು ನಿಂತರು.

ಬ್ಯಾಟರಿಯ ಮೇಲೆ ನಡೆಯುತ್ತಿದ್ದ ಕಂಟ್ರೋಲ್ ರೂಮಿನ ಗೋಡೆಯ ತುಂಬ ಊರಿನ ನಕ್ಷೆಯಿತ್ತು. ಮನೆಗೊಂದು ಚುಕ್ಕೆ. ಕಾದ ಒಲೆ ಕೆಂಪು, ಅರೆಬಿಸಿ ಹಳದಿ, ಆರಿದ್ದು ನೀಲಿ. ದಿನವೂ ಕುಂಕುಮ ಚೆಲ್ಲಿದಂತೆ ಕಾಣುತ್ತಿದ್ದ ಗೋಡೆ ಅಂಚಿನಿಂದ ಹಳದಿಯಾಗುತ್ತ ಬಂತು. ಮೊದಲು ನವನಗರ, ಆಮೇಲೆ ಉಣಕಲ್, ಆಮೇಲೆ ವಿದ್ಯಾನಗರ. ಪರದೆಯ ಮುಂದೆ ಕೂತಿದ್ದ ರೇಣುಕಾ ಎಂಬ ಹುಡುಗಿ ಏನೂ ಮಾಡಲು ತೋಚದೆ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಿದ್ದಳು.

ದೇಸಾಯಿ ಗ್ಯಾಸಿನವರ ಜೊತೆ ಫೋನಿನಲ್ಲಿ ಕೂಗಾಡುತ್ತಿದ್ದರು. ಫೋನಿಟ್ಟು ಹೇಳಿದರು: “ಬೆಸುಗಿ ಹಾಕಲಿಕ್ಕೆ ಹತ್ಯಾರ. ದೀಪ ಹಚ್ಚೋ ಹೊತ್ತಿಗೆ ಗ್ಯಾಸ್ ಬಿಡ್ತಾರಂತ. ಬ್ಯಾಡ, ತಡೀರಿ ಅಂದೆ. ಖಾಲಿ ಕೊಳವಿಯೊಳಗ ಗಾಳಿ ಹೊಕ್ಕು ಗ್ಯಾಸ್ ಜೋಡಿ ಕೂಡಿದ್ರ ಇಡೀ ಕೊಳವಿನ ಸಿಡೀತದ, ತಡೀಲಿಕ್ಕೆ ಆಗೂದಿಲ್ಲ ಅಂದ್ರು.”

ಗ್ಯಾಸು ಬಂದರೆ ಒಲೆಗಳು ತಾವಾಗಿಯೇ ಹೊತ್ತಿಕೊಳ್ಳುತ್ತವೆ. ಹಾಗೆಂದೇ ಅವನ್ನು ಮಾಡಿದ್ದರು. ಯಾರೂ ಕಡ್ಡಿ ಗೀರಬೇಕಾಗಿಲ್ಲ. ದೀಪ ಹಚ್ಚುವ ಹೊತ್ತೆಂದರೆ ಶಾಲೆಯಿಂದ ಮಕ್ಕಳು ಬಂದಿರುತ್ತಾರೆ. ಚಳಿಗೆ ಬಾಗಿಲು ಹಾಕಿಕೊಂಡು ಎಲ್ಲರೂ ಮನೆಯೊಳಗೇ ಇರುತ್ತಾರೆ. ಮಂದಾಕಿನಿ ಗೋಡೆಯ ನಕ್ಷೆಯತ್ತ ತಿರುಗಿದಳು. ಕುರ್ಚಿಯ ಬೆನ್ನು ಹಿಡಿದು ನಿಂತಳು.

“ಬೀಗ ಹಾಕಬೇಕ್ರಿ ಸರ್. ಎಲ್ಲಾ ಒಲಿಗೂ.”

ಬೀಗವೆಂದರೆ ಒಲೆಯೊಳಗೆ ಗ್ಯಾಸಿನ ದಾರಿಯನ್ನು ಶಾಶ್ವತವಾಗಿ ಮುಚ್ಚುವ ಒಂದು ಬೆಣೆ. ಇಲ್ಲಿಂದ ಆಜ್ಞೆ ಹೋದರೆ ಅಲ್ಲಿ ಬೆಣೆ ಬೀಳುತ್ತದೆ. ಒಮ್ಮೆ ಬಿದ್ದರೆ ಆ ಒಲೆ ಸತ್ತಂತೆ, ಹೊಸದನ್ನೇ ತರಬೇಕು. ಅಷ್ಟು ಹೊಸ ಒಲೆ ಮಾಡಲು ತಿಂಗಳುಗಟ್ಟಲೆ ಬೇಕು. ಅಲ್ಲಿಯವರೆಗೆ ಊರಿಗೆ ಊರೇ ಕತ್ತಲು.

“ನಿಮ್ಮ ಲೆಕ್ಕ ತಪ್ಪಾಗಿದ್ರ?” ಎಂದರು ದೇಸಾಯಿ.

“ತಪ್ಪಾಗಿದ್ರ ಊರ ಮಂದಿ ನನಗ ಶಾಪ ಹಾಕ್ತಾರ. ಹಾಕ್ಲಿ. ಸರಿಯಾಗಿದ್ದು ನಾವು ಸುಮ್ಮನ ಕೂತ್ರ ಶಾಪ ಹಾಕಾಕೂ ಯಾರೂ ಇರೂದಿಲ್ರಿ.”

ದೇಸಾಯಿ ಗೋಡೆಯ ಕಡೆ ನೋಡಿದರು. ಕೇಶ್ವಾಪುರವೂ ಹಳದಿಯಾಗುತ್ತಿತ್ತು. ಅವರ ಮನೆ ಇದ್ದದ್ದು ಅಲ್ಲೇ. “ಹಾಕವಾ ರೇಣುಕಾ,” ಎಂದರು.

ಚುಕ್ಕೆಗಳು ಓಣಿ ಓಣಿಯಾಗಿ ಕಪ್ಪಾದವು. ಸದ್ದಿಲ್ಲ. ಯಾರೋ ಊರಿನ ಮೇಲೆ ಕಂಬಳಿ ಎಳೆದ ಹಾಗೆ. ಮಂದಾಕಿನಿ ಉಸಿರು ಬಿಟ್ಟಳು. ಆಗಲೇ ರೇಣುಕಾ ಎದ್ದು ಗೋಡೆಯ ಹತ್ತಿರ ಹೋಗಿ ಬೆರಳಿಟ್ಟು ತೋರಿಸಿದಳು.

“ಮೇಡಂ, ಇವು ಬೀಗ ತಗೊಳ್ಳವಲ್ವು.”

ಕಪ್ಪಿನ ನಡುನಡುವೆ ಹಳದಿ ಚುಕ್ಕೆಗಳು ಉಳಿದಿದ್ದವು. ಇಲ್ಲೊಂದು, ಅಲ್ಲೊಂದು, ಎಲ್ಲ ಓಣಿಗಳಲ್ಲೂ. ಅವು ಯಾವುವೆಂದು ನೋಡಿದೊಡನೆಯೇ ಮಂದಾಕಿನಿಗೆ ತಿಳಿಯಿತು. ಉಸಿರಾಟದ ಮಶೀನಿನ ಮೇಲೆ ರೋಗಿಗಳಿರುವ ಮನೆಗಳು. ಕಂಪನಿಯ ತಪ್ಪಿನಿಂದ ಅಂಥ ಮನೆಯ ಒಲೆ ಎಂದೂ ಆರಬಾರದೆಂದು, ಹೊರಗಿನಿಂದ ಯಾವ ಆಜ್ಞೆಯೂ ತಟ್ಟದಂತೆ ಅವನ್ನು ಮಾಡಲಾಗಿತ್ತು. ಅವಕ್ಕೆ ಬೀಗ ಹಾಕಬೇಕಾದರೆ ಮನೆಗೇ ಹೋಗಿ ಹಳದಿ ಚಾವಿಯನ್ನು ಕೈಯಿಂದ ತಿರುಗಿಸಬೇಕು. ವಿದ್ಯಾನಗರದಲ್ಲಿದ್ದ ಅಂಥ ಚುಕ್ಕೆಗಳಲ್ಲಿ ಒಂದು ಅವಳ ಮನೆ.

ಫೋನು ಮಾಡಿದಳು. ಹೋಗಲಿಲ್ಲ. ಟವರುಗಳೂ ಮೂಕೊಲೆಯ ಮೇಲೆಯೇ ನಡೆಯುತ್ತಿದ್ದವು; ಬೀಗ ಬಿದ್ದೊಡನೆ ಅವೂ ನಿಂತಿದ್ದವು.

ಕಾರ್ಖಾನೆಯಲ್ಲಿದ್ದ ಬ್ಯಾಟರಿ ಗಾಡಿಗಳೆಲ್ಲ ಹೊರಟವು. ಇಮ್ತಿಯಾಜ್ ಹಳೇ ಹುಬ್ಬಳ್ಳಿಗೆ ಹೋದ. ಹೋಗುವ ದಾರಿಯಲ್ಲಿ ಸಿಕ್ಕ ಮಸೀದಿ, ಗುಡಿ, ಚರ್ಚು, ಮಠ ಯಾವುದನ್ನೂ ಬಿಡದೆ ಬ್ಯಾಟರಿ ಮೈಕುಗಳಲ್ಲಿ ಒಂದೇ ಮಾತು ಕೂಗಿಸಿದರು. ಮಂದಾಕಿನಿಯೇ ಹೇಳಿಕೊಟ್ಟ ಮಾತು ಅದು: “ಮೂಕೊಲಿ ಹಳದಿ ಚಾವಿ ಬಂದ್ ಮಾಡ್ರಿ. ಗ್ಯಾಸ್ ಬಂದ್ರೂ ತೆಗೀಬ್ಯಾಡ್ರಿ. ಮಶೀನ್ ಮ್ಯಾಲಿನ ಪೇಶಂಟ್ ಇದ್ರ ಎತಗೊಂಡು ಹೊರಗ ಬರ್ರಿ. ಗಾಡಿ ಬರ್ತಾವು, ದೊಡ್ಡಾಸ್ಪತ್ರಿಗೆ ಒಯ್ತೇವಿ.” ದೊಡ್ಡಾಸ್ಪತ್ರೆಗೆ ಗ್ಯಾಸಿನ ಸ್ವಂತ ಟಾಕಿಯಿತ್ತು. ಅಲ್ಲಿನ ಒಲೆಗಳು ಹಗಲಿರುಳು ದುಡಿಯುವಂಥವು. ಅವಕ್ಕೆ ಒಂದು ದಿನವೂ ಜೋಂಪು ಹತ್ತಿದ್ದಿಲ್ಲ. ಅವುಗಳ ಪದರ ಗಟ್ಟಿಯಿರಬೇಕೆಂದು ಅವಳ ನಂಬಿಕೆ. ನಂಬಿಕೆ ಅಷ್ಟೇ.

ವಿದ್ಯಾನಗರಕ್ಕೆ ಅವಳೇ ಹೋದಳು. ಸೀದಾ ಮನೆಗೆ ಹೋಗಬೇಕೆಂದು ಜೀವ ಎಳೆಯುತ್ತಿತ್ತು. ಆದರೆ ಅವರ ಓಣಿಗಿಂತ ಮೊದಲು ಸಿಗುವ ತಿರುವಿನಲ್ಲೇ ಒಂದು ಹಳದಿ ಚುಕ್ಕೆಯ ಮನೆಯಿತ್ತು. ಅದನ್ನು ದಾಟಿ ಹೋಗಲು ಕಾಲು ಬರಲಿಲ್ಲ.

ಬಾಗಿಲು ತೆರೆದವನು ಮೂವತ್ತರ ಆಸುಪಾಸಿನ ಗಂಡಸು. ಒಳಗೆ ಮಂಚದ ಮೇಲೆ ಅವನ ತಂದೆ, ಲಕ್ವ ಹೊಡೆದು ಮಾತು ಹೋದವರು. ಗಂಟಲಿಗೆ ಸಿಕ್ಕಿಸಿದ ನಳಿಗೆಯಲ್ಲಿ ಮಶೀನು ಉಸಿರು ಊದುತ್ತಿತ್ತು. ಒಲೆಯ ಜೊತೆಗಿನ ಪುಟ್ಟ ಬ್ಯಾಟರಿಯ ಮೇಲೆ ಅದು ಇನ್ನೂ ನಡೆಯುತ್ತಿತ್ತು.

“ಮೈಕಿನ್ಯಾಗ ಕೂಗಿದ್ದು ಕೇಳೀನ್ರಿ,” ಎಂದು ಅವನು ಬಾಗಿಲಿಗೆ ಅಡ್ಡ ನಿಂತ. “ನಾ ಬಂದ್ ಮಾಡೂದಿಲ್ಲ. ಬಂದ್ ಮಾಡಿ ಬ್ಯಾಟರಿ ಮುಗದ್ರ ನಮ್ಮಪ್ಪ ಸಾಯ್ತಾನ.”

“ಬಂದ್ ಮಾಡದಿದ್ರ ನೀವೂ ಉಳಿಯೂದಿಲ್ಲರೀ ಅಣ್ಣಾರ. ಒಲಿಯಿಂದ ವಿಷ ಬರ್ತೈತಿ. ಕಾಣೂದಿಲ್ಲ, ನಾರೂದಿಲ್ಲ.”

“ನಿಮಗ ಹ್ಯಾಂಗ ಗೊತ್ತು?”

“ಅದನ್ನ ಮಾಡಿದಾಕಿ ನಾನ.”

ಅವನು ಅವಳ ಮುಖವನ್ನು ದುರುಗುಟ್ಟಿ ನೋಡಿದ. ಹೊಡೆಯುತ್ತಾನೇನೋ ಎಂದುಕೊಂಡಳು. ಅಷ್ಟರಲ್ಲಿ ಹಿತ್ತಲ ಕಡೆಯಿಂದ ಚಿಟ್ ಎಂದಿತು. ಸ್ವಲ್ಪ ತಡೆದು ಚಿಟಚಿಟ. ಅವನಿಗೂ ಕೇಳಿಸಿತು. ಇಷ್ಟು ವರ್ಷ ಒಂದು ಸೊಲ್ಲೂ ಎತ್ತದ ಪೆಟ್ಟಿಗೆಯ ಕಡೆ ಅವನು ತಿರುಗಿದ; ಕೈ ತಾನಾಗಿ ಬಾಗಿಲಿನಿಂದ ಕೆಳಗಿಳಿಯಿತು. ಮಂದಾಕಿನಿ ಓಡಿಹೋಗಿ ಚಾವಿ ತಿರುಗಿಸಿದಳು. ಚಾಲಕನೂ ಮಗನೂ ಸೇರಿ ಮುದುಕರನ್ನು ಹಾಸಿಗೆಸಮೇತ ಎತ್ತಿದರು. ಮಶೀನನ್ನೂ ಅದರ ಬ್ಯಾಟರಿಯನ್ನೂ ಅವಳೇ ಎದೆಗೆ ಅವಚಿಕೊಂಡು ಗಾಡಿಗೆ ತಂದಳು. ಮುದುಕರ ಕಣ್ಣುಗಳು ಅವಳನ್ನೇ ನೋಡುತ್ತಿದ್ದವು. ಅಷ್ಟೊಂದು ಹೆದರಿಕೆ ತುಂಬಿದ ಕಣ್ಣುಗಳನ್ನು ಅವಳು ಅದುವರೆಗೆ ಕಂಡಿರಲಿಲ್ಲ.

ಗಾಡಿ ಆಸ್ಪತ್ರೆಯ ಕಡೆ ಹೋಯಿತು. ಅವಳು ಮನೆಯತ್ತ ಓಡಿದಳು.

ಬೀದಿಯ ತುಂಬ ಜನ ಹೊರಗೆ ನಿಂತಿದ್ದರು. ಹೊತ್ತು ಇಳಿಯುತ್ತಿತ್ತು. ಗ್ಯಾಸು ಬಿಟ್ಟಿದ್ದಾರೋ ಇಲ್ಲವೋ ತಿಳಿಯುವ ದಾರಿ ಯಾರಿಗೂ ಇರಲಿಲ್ಲ. ಪರಿಚಯದವರು ಯಾರೋ “ಮಂದಾಕಿನಿ, ಏನವಾ ಇದು?” ಎಂದು ಕೇಳಿದರು. ಅವಳು ನಿಲ್ಲಲಿಲ್ಲ. ಮಶೀನು ನಿಂತರೆ ಅತ್ತೆ ಎಷ್ಟು ಹೊತ್ತು ತಾಳುತ್ತಾರೆ? ನಿಲ್ಲದಿದ್ದರೆ ಎಷ್ಟು ಹೊತ್ತು ತಾಳುತ್ತಾರೆ? ಯಾವುದನ್ನು ಬೇಡಿಕೊಳ್ಳಬೇಕೆಂದೇ ಅವಳಿಗೆ ತಿಳಿಯಲಿಲ್ಲ.

ಬಾಗಿಲು ಹಾರುಹೊಡೆದಿತ್ತು. ಒಳಗೆ ಮಶೀನಿನ ಸದ್ದಿರಲಿಲ್ಲ; ಬ್ಯಾಟರಿ ಮುಗಿದಿತ್ತು. ಕುರ್ಚಿ ಖಾಲಿ. ಮೂಗಿನ ನಳಿಗೆ ನೆಲದ ಮೇಲೆ ಬಿದ್ದಿತ್ತು.

“ಅತ್ತೀ!”

ಉತ್ತರ ಬರಲಿಲ್ಲ. ಹಿತ್ತಲ ಪಡಸಾಲೆಗೆ ಹೋದಳು. ಒಲೆ ಚಿಟಗುಡುತ್ತಿತ್ತು. ಬಗ್ಗಿ ನೋಡಿದಳು: ಹಳದಿ ಚಾವಿ ತಿರುಗಿತ್ತು, ಪೂರ್ತಿ. ಹಿತ್ತಲ ಬಾಗಿಲಿನಾಚೆ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಶಿವಗಂಗವ್ವ ಕೂತಿದ್ದರು. ಎರಡೂ ಕೈ ಮೊಳಕಾಲಿಗೆ ಊರಿ, ಬಾಯಿ ತೆರೆದು, ಒಂದೊಂದು ಉಸಿರನ್ನೂ ಸೇದುವ ಬಾವಿಯಿಂದ ಕೊಡ ಎಳೆದಂತೆ ಎಳೆಯುತ್ತಿದ್ದರು. ತುಟಿ ನೀಲಿಗಟ್ಟಿತ್ತು.

“ಮೈಕಿನ್ಯಾಗ…” ಎಂದರು. ಮಾತಿಗೂ ಮಾತಿಗೂ ನಡುವೆ ಬಹಳ ಹೊತ್ತು ಹಿಡಿಯಿತು. “ನಿನ್ನ ದನಿ ಇರಲಿಲ್ಲ… ಮಾತ ನಿಂದ ಇತ್ತು… ಬಂದ್ ಮಾಡ್ರಿ ಅಂದ್ರ… ಮಾಡೂದ.”

“ಮಶೀನ್ ನಿಂತ್ರ ನಿಮಗ ಏನಾಗ್ತೈತಿ ಅಂತ ಗೊತ್ತಿಲ್ಲೇನ್ರಿ ಅತ್ತಿ? ಯಾರನ್ನರ ಕರೀಬೇಕಿಲ್ಲೋ?”

“ಗೋಡಿ ಆ ಕಡೆ… ಕೂಸು ಐತಿ.” ಅವರು ಪಕ್ಕದ ಮನೆಯ ಕಡೆ ಕಣ್ಣು ತೋರಿಸಿದರು. ಎರಡೂ ಮನೆಗಳಿಗೆ ಹಿತ್ತಲ ಗೋಡೆ ಒಂದೇ, ಮೇಲೆ ಗಾಳಿಕಿಂಡಿಯಿತ್ತು. ಅಲ್ಲಿ ಬಾಣಂತಿಯಿದ್ದಳು.

ಮಂದಾಕಿನಿ ಅತ್ತೆಯನ್ನು ಬೆನ್ನಿಗೆ ಹಾಕಿಕೊಂಡು ಬೀದಿಗೆ ಬಂದಳು. ಅವರು ಇಷ್ಟು ಹಗುರವೆಂದು ಅವಳಿಗೆ ಗೊತ್ತಿರಲಿಲ್ಲ. ಓಣಿಯ ಮೂವರು ಗಂಡಸರು ತಳ್ಳುಗಾಡಿಯೊಂದನ್ನು ತಂದರು. ಅದರಲ್ಲೇ ಮುದುಕಿಯನ್ನು ಮಲಗಿಸಿ ದೊಡ್ಡಾಸ್ಪತ್ರೆಯವರೆಗೂ ಓಡಿಸಿದರು. ದಾರಿಯುದ್ದಕ್ಕೂ ಮಂದಾಕಿನಿ ಅವರ ಬೆನ್ನುಜ್ಜುತ್ತ, “ಎಳೀರಿ ಅತ್ತಿ, ಇನ್ನೊಂದು ಎಳೀರಿ,” ಎಂದು ಹೇಳುತ್ತಲೇ ಇದ್ದಳು.

ಗ್ಯಾಸು ಹೇಳಿದ ಹೊತ್ತಿಗೇ ಬಂತು. ಊರಿನ ಸಾವಿರಾರು ಒಲೆಗಳು ಹೊತ್ತಿಕೊಳ್ಳಲಿಲ್ಲ. ಆದರೆ ನಾಲ್ಕು ಮನೆಗಳಿಗೆ ಯಾರೂ ತಲುಪಿರಲಿಲ್ಲ, ಅಲ್ಲಿ ಹೊತ್ತಿಕೊಂಡವು. ಒಂದರಲ್ಲಿ ಮೈಕಿನ ಕೂಗು ಕೇಳಿಸಿರಲಿಲ್ಲ. ಒಂದರಲ್ಲಿ ಕೇಳಿಸಿದ್ದರೂ ನಂಬಿರಲಿಲ್ಲ. ಉಳಿದೆರಡರಲ್ಲಿ ಏನು ನಡೆಯಿತೆಂದು ಹೇಳಲು ಯಾರೂ ಬದುಕಿರಲಿಲ್ಲ. ಮಾರನೆಯ ದಿನ ಮಂದಾಕಿನಿ ಆ ನಾಲ್ಕೂ ಮನೆಗಳಿಗೆ ಹೋದಳು. ಹೋಗಬೇಡಿ ಎಂದು ದೇಸಾಯಿ ಹೇಳಿದ್ದರು. ಒಂದು ಮನೆಯ ಮುಂದೆ ಜನ ಅವಳ ಮೇಲೆ ಕೂಗಿದರು, ಮಣ್ಣು ಎಸೆದರು. ಅವಳು ತಲೆ ತಗ್ಗಿಸಿ ನಿಂತುಕೊಂಡಳು. ಇಮ್ತಿಯಾಜ್ ಬಂದು ಕೈ ಹಿಡಿದು ಕರೆದುಕೊಂಡು ಹೋದ.

ಲಕ್ವ ಹೊಡೆದ ಆ ಮುದುಕರು ಬದುಕಿದರು. ಶಿವಗಂಗವ್ವನೂ ಬದುಕಿದರು. ಆಸ್ಪತ್ರೆಯ ಜಗುಲಿಯಲ್ಲಿ ಸಾಲಾಗಿ ಹಾಕಿದ ಹಾಸಿಗೆಗಳಲ್ಲಿ, ಒಂದು ಮಶೀನಿಗೆ ಇಬ್ಬಿಬ್ಬರಂತೆ ಉಸಿರು ಹಂಚಿಕೊಂಡು ರೋಗಿಗಳು ಆ ಚಳಿಗಾಲ ಕಳೆದರು. ಧಾರವಾಡದಿಂದ ನಡೆದೇ ಬಂದಿದ್ದ ಪ್ರಭುಲಿಂಗ ತಾಯಿಯ ಕಾಲ ಬಳಿ ಕೂತಿರುತ್ತಿದ್ದ. ಮಂದಾಕಿನಿ ಮಾತ್ರ ಆಸ್ಪತ್ರೆಯ ಹಿಂದಿನ ಒಲೆಗಳ ಕೋಣೆಯಲ್ಲಿ ಮೀಟರಿನ ಮುಂದೆ ಕೂತಿರುತ್ತಿದ್ದಳು. ಪದರ ಬಿರಿದರೆ ಮೊದಲು ಕರೆಂಟಿನ ಒತ್ತಡ ಇಳಿಯುತ್ತದೆ. ಅದು ಇಳಿಯಲಿಲ್ಲ. ಆದರೂ ಅವಳು ಏಳಲಿಲ್ಲ. ಡಾಕ್ಟರು ಒಬ್ಬರು “ಇವು ಎಷ್ಟು ದಿನ ತಾಳ್ತಾವ್ರಿ?” ಎಂದು ಕೇಳಿದಾಗ, “ಗೊತ್ತಿಲ್ರಿ,” ಎಂದಳು.

ಊರಿಗೆ ತಂತಿಯ ಕರೆಂಟು ಮತ್ತೆ ಬರುವಷ್ಟರಲ್ಲಿ ಬೇಸಿಗೆ ಮುಗಿದಿತ್ತು. ಆಮೇಲೆ ದಪ್ಪ ಪದರದ ಒಲೆಗಳೂ ಬಂದವು. ಅವನ್ನು ಮನೆಯೊಳಗಲ್ಲ, ಬಯಲಿನಲ್ಲಿ ಇಡಬೇಕೆಂದು ಕಾನೂನಾಯಿತು. ವಿಚಾರಣೆಯಾಯಿತು, ಮಂದಾಕಿನಿ ಎಲ್ಲವನ್ನೂ ಹೇಳಿದಳು. ದೇಸಾಯಿ ಕೆಲಸ ಬಿಟ್ಟರು. ಅವಳು ಬಿಡಲಿಲ್ಲ, ಆದರೆ ತೆಳು ಪದರದ ಕೆಲಸಕ್ಕೆ ಮತ್ತೆ ಕೈ ಹಾಕಲಿಲ್ಲ. ತಮ್ಮ ಮನೆಗೆ ಹೊಸ ಒಲೆಯನ್ನು ತರಿಸಲೂ ಇಲ್ಲ.

ಮಾರನೆಯ ವರ್ಷ ಕಾರ್ತಿಕದ ಒಂದು ಬೆಳಗ್ಗೆ ಅವಳು ಚಹಾ ಹಿಡಿದು ಅತ್ತೆಯ ಕೋಣೆಗೆ ಹೋದಳು. ಮಶೀನು ಎಂದಿನಂತೆ ಗುರುಗುಡುತ್ತಿತ್ತು. ಶಿವಗಂಗವ್ವ ಮಗ್ಗುಲಾಗಿ ಮಲಗಿದ್ದರು, ಎದೆ ಏರಿಳಿಯುತ್ತಿರಲಿಲ್ಲ. ಕೆನ್ನೆ ಮುಟ್ಟಿ ನೋಡಿದಳು. ತಣ್ಣಗಾಗಿತ್ತು. ಆ ಎದೆ ಹೆಚ್ಚು ದಿನ ತಾಳದೆಂದು ಡಾಕ್ಟರು ಮೊದಲೇ ಹೇಳಿದ್ದರು; ಆ ದಿನ ಬಂದಿತ್ತು, ಅಷ್ಟೇ.

ಅವಳು ಅಳಲಿಲ್ಲ. ಕಪ್ಪು ಕೈಯಿಂದ ಜಾರಿದ್ದೂ ತಿಳಿಯಲಿಲ್ಲ. ಓಡಿಹೋಗಿ ಆ ಕೋಣೆಯ ಕಿಟಕಿ ತೆರೆದಳು, ನಡುಮನೆಯ ಕಿಟಕಿ ತೆರೆದಳು, ಅಡಿಗೆಮನೆಯದನ್ನು ತೆರೆದಳು. ಚಿಲಕ ಸಿಕ್ಕಿಕೊಂಡ ಒಂದನ್ನು ಮುಷ್ಟಿಯಿಂದ ಗುದ್ದಿ ಗಾಜು ಒಡೆದಳು. ಮಲಗಿದ್ದ ಪ್ರಭುಲಿಂಗನ ರಟ್ಟೆ ಹಿಡಿದು ಎಳೆದಳು. “ಹೊರಗ ನಡೀರಿ. ಉಸುರು ತಗೋಬ್ಯಾಡ್ರಿ, ಹೊರಗ ನಡೀರಿ ಮೊದ್ಲ!”

ಅವನು ಅವಳ ರಕ್ತ ಸುರಿಯುವ ಕೈಯನ್ನು ಹಿಡಿದುಕೊಂಡ. ತೆರೆದ ಬಾಗಿಲಿನಿಂದ ತಾಯಿಯನ್ನು ನೋಡಿದ. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

“ಮಂದಾ,” ಎಂದ. “ನಮ್ಮ ಮನ್ಯಾಗ ಒಲಿ ಇಲ್ಲ. ಕೇಳಾಕತ್ತೇತೇನು? ಒಲಿ ಇಲ್ಲ. ಅವ್ವ ಹೋದ್ಲು, ಅಷ್ಟ.”

ಅವಳು ಅವನ ಮುಖವನ್ನೇ ನೋಡುತ್ತ ನಿಂತಳು. ಆಮೇಲೆ ಮೆಲ್ಲಗೆ, ಅಂಜುತ್ತ ಅಂಜುತ್ತ, ಒಂದು ಉಸಿರು ಒಳಗೆ ತೆಗೆದುಕೊಂಡಳು.